ಯಾರೂ ಲೆಕ್ಕದ ಮಾತೇ ಎತ್ತಲಿಲ್ಲ: ಕಲಬುರಗಿಯ ಒಬ್ಬ ಮುನೀಮರ ಪ್ರಕರಣ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ 17 ವರ್ಷದಿಂದ ಮುನೀಮರಾಗಿರುವ, ಅಂದರೆ ಲೆಕ್ಕ ಬರೆಯುವ, ಒಬ್ಬರ ಪ್ರಕರಣ ಇದು. ವಯಸ್ಸು ನಲವತ್ತರ ಆಸುಪಾಸು. ಊರು ಜೇವರ್ಗಿ ಕಡೆಯದು. ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಯಾರ ಹೆಸರೂ ಹಾಕಿಲ್ಲ. ಕೆಲಸದ ವಿಚಾರದಲ್ಲಿ ದಿಕ್ಕು ತೋಚದವರ ಜೊತೆ ಕೂತು ದಾರಿ ಹುಡುಕುವುದು ನನ್ನ ಉದ್ಯೋಗ, ಹಾಗಾಗಿ ಇವರು ನನ್ನ ಹತ್ತಿರ ಬಂದರು.

ಆಗಿದ್ದು ಇಷ್ಟು. ಸಾವ್ಕಾರರು ಎರಡನೇ ಘಟಕ ಹಾಕಿದರು. ಅದಕ್ಕೊಬ್ಬ ಮ್ಯಾನೇಜರ್ ಬೇಕಾಯಿತು. ಆ ಜಾಗ ತನಗೇ ಅಂತ ಮುನೀಮರು ನಂಬಿದ್ದರು. ಹಾಗೆ ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಆಫೀಸಿನಲ್ಲಿ ಅವರಿಗಿಂತ ಹಳಬರು ಯಾರೂ ಉಳಿದಿರಲಿಲ್ಲ. ಆದರೆ ಜಾಗ ಹೋಗಿದ್ದು ಮೂರು ವರ್ಷದ ಹಿಂದೆ ಸೇರಿದ್ದ, ಅವರಿಗಿಂತ ಎಷ್ಟೋ ಚಿಕ್ಕವನಾದ ಹುಡುಗನಿಗೆ.

"ನನಗ ಇಂಗ್ಲಿಷ್ ಬರಲ್ರೀ, ಅದಕ್ಕೇ ನನ್ನ ಬಿಟ್ಟಾರ. ಇಷ್ಟು ವರ್ಷದಾಗ ನನ್ನ ಲೆಕ್ಕದಾಗ ಒಂದ್ ರೂಪಾಯಿ ಹೆಚ್ಚುಕಮ್ಮಿ ಬಂದಿಲ್ಲ. ಅದು ಯಾರಿಗೂ ಕಾಣವಲ್ದು."

ಇನ್ನೊಂದು ಮಿಲ್ಲಿನವರ ಜೊತೆ ಆಗಲೇ ಮಾತಾಡಿ ಇಟ್ಟಿದ್ದರು. ಸೀಸನ್ ಮುಗಿದ ಮೇಲೆ ಬಿಡುವುದು ಅಂತ ತೀರ್ಮಾನ. ನಾನು ಬಿಡಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹೊಸ ಜಾಗಕ್ಕೆ ಹೋದರೂ ಅಲ್ಲಿ ತನ್ನ ಬಗ್ಗೆ ಏನು ಹೇಳಿಕೊಳ್ಳಬೇಕು ಅನ್ನುವುದಾದರೂ ಗೊತ್ತಿರಬೇಕು, ಅಲ್ವಾ? ನಿಮ್ಮ ಬಲ ಯಾವುದು ಬರೆದುಕೊಡಿ ಅಂದೆ. ಮೂರು ಸಾಲು ಬರೆದರು. ಲೆಕ್ಕ ಪಕ್ಕಾ. ನಿಯತ್ತು. ಹೊತ್ತಿಗೆ ಸರಿಯಾಗಿ ಬರುವುದು. ಕೊರತೆ ಯಾವುದು ಅಂದಾಗ ಮಾತ್ರ ಅರ್ಧ ಹಾಳೆ ತುಂಬಿತು. ಇಂಗ್ಲಿಷ್, ಡಿಗ್ರಿ ಇಲ್ಲ, ನಾಲ್ಕು ಜನರ ಎದುರು ಮಾತು ಬರುವುದಿಲ್ಲ, ಮುಂದೆ ಬೀಳುವ ಸ್ವಭಾವ ಅಲ್ಲ. ನನ್ನ ಹತ್ತಿರ ಬರುವ ಬಹಳ ಜನರ ಹಾಳೆ ಹೀಗೇ ಇರುತ್ತದೆ. ಬಲದ ಪಟ್ಟಿ ಸಣ್ಣದು, ಕೊರತೆಯ ಪಟ್ಟಿ ಉದ್ದ.

ಇಂಥ ಕಡೆ ನಾನು ಜೋಹಾರಿ ಕಿಟಕಿಯ ಚಿತ್ರ ಬರೆದು ತೋರಿಸುತ್ತೇನೆ. 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿ ಇಂಗ್‌ಹ್ಯಾಮ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಮಾಡಿದ್ದು. ಇಬ್ಬರ ಹೆಸರಿನ ಮೊದಲ ತುಂಡು ಸೇರಿಸಿ ಜೋಹಾರಿ. ನಾಲ್ಕು ಮನೆ ಇರುತ್ತವೆ. ನನಗೂ ಗೊತ್ತು, ಬೇರೆಯವರಿಗೂ ಗೊತ್ತು ಅನ್ನುವುದು ಒಂದು. ನನಗೆ ಮಾತ್ರ ಗೊತ್ತು ಅನ್ನುವುದು ಇನ್ನೊಂದು. ಬೇರೆಯವರಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ ಅನ್ನುವುದು ಮೂರನೆಯದು. ಯಾರಿಗೂ ಗೊತ್ತಿಲ್ಲದ್ದು ಕೊನೆಯದು. ಮುನೀಮರು ಆ ಮೂರನೇ ಮನೆಯ ಮೇಲೆ ಬೆರಳಿಟ್ಟು, "ಇದರಾಗ ಬರೀ ತಪ್ಪೇ ಇರ್ತಾವೇನ್ರಿ?" ಅಂತ ಕೇಳಿದರು. ಬಹಳ ಒಳ್ಳೆ ಪ್ರಶ್ನೆ. ಇಲ್ಲ, ನಮಗೇ ಕಾಣದ ಬಲವೂ ಅಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ಅದೇ ಜಾಸ್ತಿ.

ಜೋಹಾರಿಯನ್ನು ಸಾಮಾನ್ಯವಾಗಿ ಮಾಡಿಸುವ ವಿಧಾನದಲ್ಲಿ ಗುಣವಾಚಕಗಳ ಒಂದು ಪಟ್ಟಿ ಇರುತ್ತದೆ, ಐವತ್ತಕ್ಕೂ ಹೆಚ್ಚು ಪದ. ಅದರಲ್ಲಿ ನಮಗೆ ಹೊಂದುವ ಐದಾರು ಪದ ನಾವು ಆರಿಸುತ್ತೇವೆ, ನಮ್ಮನ್ನು ಬಲ್ಲವರೂ ನಮ್ಮ ಬಗ್ಗೆ ಆರಿಸುತ್ತಾರೆ, ಆಮೇಲೆ ಎರಡನ್ನೂ ಹೋಲಿಸಿ ನೋಡುವುದು. ಈ ಪಟ್ಟಿಯನ್ನು ನಾನು ನಮ್ಮ ಕಡೆ ಬಳಸುವುದಿಲ್ಲ. ಕಾರಣ ನೇರ. ಕಲಬುರಗಿಯಲ್ಲಿ ಯಾರ ಬಗ್ಗೆ ಕೇಳಿದರೂ ಮೊದಲು ಬರುವ ಮಾತು "ಭಾಳ ಛಲೋ ಮನುಷ್ಯಾ ಅದಾರ್ರೀ". ಅದು ಸುಳ್ಳಲ್ಲ, ಮರ್ಯಾದೆಯ ಮಾತು. ಎದುರಿಗಿರುವವರ ಬಗ್ಗೆ ಪದ ಆರಿಸು ಅಂದರೆ ಜನ ಒಳ್ಳೆಯ ಪದಗಳನ್ನೇ ಆರಿಸುತ್ತಾರೆ, ಅದರಿಂದ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ಗುಣ ಕೇಳಬಾರದು, ನಡೆದ ಘಟನೆ ಕೇಳಬೇಕು. ಇದನ್ನೇ ಪದ್ಧತಿಯಾಗಿ ಮಾಡಿದವರು ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು. ನಿಮ್ಮನ್ನು ಬಲ್ಲ ಹತ್ತರಿಂದ ಇಪ್ಪತ್ತು ಜನರ ಹತ್ತಿರ, ನೀವು ನಿಮ್ಮ ಅತ್ಯುತ್ತಮ ರೀತಿಯಲ್ಲಿ ಇದ್ದ ಸಂದರ್ಭಗಳನ್ನು ಕೇಳಿ ಸಂಗ್ರಹಿಸುವುದು, ಅವೆಲ್ಲವನ್ನೂ ಒಟ್ಟಿಗೆ ಇಟ್ಟು ಏನು ಮರುಕಳಿಸುತ್ತದೆ ಅಂತ ನೋಡುವುದು. ನಾನು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ.

ಎರಡೂ ಪ್ರಶ್ನೆ ಇಲ್ಲಿ ಹಾಗೇ ಕೊಡುತ್ತೇನೆ, ಬೇಕಾದವರು ಬಳಸಿ. ಮೊದಲನೆಯದು: "ಇವರಿಂದ ನಿಮಗೆ ಅಥವಾ ಬೇರೆಯವರಿಗೆ ಉಪಯೋಗ ಆದ ಒಂದು ದಿನ ನೆನಪು ಮಾಡಿಕೊಳ್ಳಿ. ಏನಾಗಿತ್ತು, ಇವರು ಏನು ಮಾಡಿದರು, ಆಮೇಲೆ ಏನಾಯಿತು?" ಎರಡನೆಯದು: "ಇವರ ಹತ್ತಿರ ಹೇಳಬೇಕು ಅಂತ ಹೋಗಿ, ಹೇಳದೇ ವಾಪಸ್ ಬಂದಿದ್ದು ಇದೆಯಾ? ಯಾಕೆ?" ಕೆಟ್ಟ ಗುಣ ಹೇಳಿ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಹೇಳದೇ ಬಂದ ಮಾತು ಕೇಳಿದರೆ ಹೇಳುತ್ತಾರೆ, ಯಾಕೆಂದರೆ ಆಗ ಅವರು ಹೇಳುವುದು ತಮ್ಮ ಹಿಂಜರಿಕೆಯ ಬಗ್ಗೆ.

ಯಾವಾಗ ಕೇಳುತ್ತೀರಿ ಅನ್ನುವುದೂ ಮುಖ್ಯ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೊಸ ತೊಗರಿ ಬರುವ ಕಾಲ, ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲದ ಮೇಲೆ ಚೀಲ, ಮಿಲ್ಲಿನಲ್ಲಿ ಯಾರಿಗೂ ಯಾರ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ಆಗ ಕೇಳಿದರೆ ಬರುವುದು ಆ ದಿನದ ಸಿಟ್ಟು ಮಾತ್ರ. ಮಾರ್ಚ್ ದಾಟುವವರೆಗೆ ಕಾದೆವು. ಒಟ್ಟು 11 ಜನ. ಸಾವ್ಕಾರರು, ಅವರ ಮಗ, ಇಬ್ಬರು ಹಮಾಲರು, ಕಾಳು ಹಸನು ಮಾಡುವ ಹೆಂಗಸರ ಪೈಕಿ ಹಿರಿಯರೊಬ್ಬರು, ಗಂಜಿನ ಇಬ್ಬರು ಅಡತ್ ವ್ಯಾಪಾರಿಗಳು (ಕಮಿಷನ್ ಮೇಲೆ ರೈತರ ಮಾಲು ಮಾರಿಸುವವರು), ಒಬ್ಬ ರೈತ, ಲಾರಿ ಆಫೀಸಿನವರೊಬ್ಬರು, ಹೆಂಡತಿ, ಒಬ್ಬ ಹಳೇ ಗೆಳೆಯ. ಹೊಸ ಮ್ಯಾನೇಜರ್ ಹುಡುಗನನ್ನೂ ಕೇಳೋಣ ಅಂದೆ. ಬೇಡ ಅಂದರು. ನಾನು ಒತ್ತಾಯ ಮಾಡಲಿಲ್ಲ. ಬರೆಯಲು ಬಾರದವರು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿದರು, ಸಾವ್ಕಾರರ ಹತ್ತಿರ ನಾನೇ ಹೋಗಿ ಕೂತು ಕೇಳಿದೆ.

ಬಂದಿದ್ದರಲ್ಲಿ ಒಂದು ಘಟನೆ ಪೂರ್ತಿ ಹೇಳುತ್ತೇನೆ, ಏಕೆಂದರೆ ಇಡೀ ಪ್ರಕರಣ ಅದರ ಮೇಲೆ ನಿಂತಿದೆ. ಈ ಮಿಲ್ಲಿಗೆ ಅಡತ್ ಅಂಗಡಿಗಳಿಂದಲೂ ಮಾಲು ಬರುತ್ತದೆ, ಕೆಲವು ರೈತರು ನೇರವಾಗಿಯೂ ತರುತ್ತಾರೆ. ತೂಕ ಆದ ಮೇಲೆ ಪಟ್ಟಿ ಬರೆಯುತ್ತಾರೆ. ಹಸಿ ಇದ್ದರೆ ಇಷ್ಟು ಕಡಿತ, ಕಸ ಇದ್ದರೆ ಇಷ್ಟು, ಹಮಾಲಿ ಇಷ್ಟು. ಜಗಳ ಹುಟ್ಟುವುದು ಇಲ್ಲೇ. ಒಂದು ಸೀಸನ್‌ನಲ್ಲಿ ಒಬ್ಬ ರೈತ ಪಟ್ಟಿ ನೋಡಿ ರೇಗಿದ, ಮನೆಯಲ್ಲಿ ತೂಗಿದ್ದಕ್ಕೂ ಇಲ್ಲಿ ಬಂದಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ, ನೀವೆಲ್ಲ ಸೇರಿ ನನ್ನ ಹೊಟ್ಟೆ ಮೇಲೆ ಹೊಡೀತೀರಿ ಅಂತ ಕೂಗಾಡಿದ, ಜನ ಸೇರಿದರು, ಹಮಾಲರ ಜೊತೆ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಯಿತು. ಮುನೀಮರು ಎದ್ದು ಬಂದರು. ಏನೂ ವಾದ ಮಾಡಲಿಲ್ಲ. "ಕಾಕಾ, ಮೊದಲು ನೀರು ಕುಡೀರಿ" ಅಂತ ಪಕ್ಕದಲ್ಲಿ ಕೂರಿಸಿಕೊಂಡರು. ಆತನ ಚೀಲಗಳನ್ನು ಇನ್ನೊಮ್ಮೆ ತೂಗಿಸಿದರು. ಆಮೇಲೆ ಪಟ್ಟಿಯ ಒಂದೊಂದು ಸಾಲನ್ನೂ, ಇದು ಯಾಕೆ ಕಡಿತ, ಎಷ್ಟು ಹಸಿಗೆ ಎಷ್ಟು, ನೀವು ನಾಲ್ಕು ದಿನ ಬಿಸಿಲಿಗೆ ಹಾಕಿ ತಂದಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಅವನ ಭಾಷೆಯಲ್ಲೇ ಬಿಡಿಸಿ ಹೇಳಿದರು. ಒಂದು ಸಾಲಿನಲ್ಲಿ ಮಿಲ್ಲಿನ ಕಡೆಯಿಂದಲೇ ಕಡಿತ ಜಾಸ್ತಿ ಹಾಕಿದ್ದು ಸಿಕ್ಕಿತು, ಅದನ್ನು ಎಲ್ಲರ ಎದುರೇ ತಿದ್ದಿದರು. ಆ ರೈತ ಈಗಲೂ ಅಲ್ಲಿಗೇ ಮಾಲು ತರುತ್ತಾನೆ, ತನ್ನ ಊರಿನವರನ್ನೂ ಕರೆತರುತ್ತಾನೆ.

ಇದನ್ನು ಹೇಳಿದ್ದು ಒಬ್ಬ ಹಮಾಲ. ಅದೇ ಘಟನೆಯನ್ನು ರೈತನೂ ಹೇಳಿದ, ಸಾವ್ಕಾರರೂ ಹೇಳಿದರು. ಮುನೀಮರಿಗೆ ಅದು ನೆನಪೇ ಇರಲಿಲ್ಲ.

ಉಳಿದವೂ ಅದೇ ಜಾಡಿನಲ್ಲಿದ್ದವು. ಹಸನು ಮಾಡುವ ಅಮ್ಮ ಹೇಳಿದ್ದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ದುಡ್ಡು ಕಡಿಮೆಯಾಗಿದೆ ಅಂತ ಗಾಬರಿಯಾಗಿ ಬಂದಾಗ ಊಟದ ಹೊತ್ತು ಬಿಟ್ಟು ಕೂತು ತಿಳಿಸಿಕೊಟ್ಟದ್ದು. ಒಬ್ಬ ಅಡತ್ ವ್ಯಾಪಾರಿ, "ಅವರು ಒಂದ್ ಸಲ ಇಷ್ಟು ಅಂತ ಹೇಳಿದ್ರ ನಾವು ಎರಡನೇ ಫೋನ್ ಮಾಡಂಗಿಲ್ಲ" ಅಂದರು. ಲಾರಿ ಆಫೀಸಿನವರದೂ ಒಂದು ಬಾಡಿಗೆ ತಕರಾರಿನ ಕಥೆ.

ಈಗ ಗಮನಿಸಿ. 11 ಜನರಲ್ಲಿ ಯಾರೂ ಲೆಕ್ಕ ಪಕ್ಕಾ ಅಂತ ಹೇಳಲಿಲ್ಲ. ಇಂಗ್ಲಿಷ್ ಬರುವುದಿಲ್ಲ ಅಂತಲೂ ಯಾರೂ ಹೇಳಲಿಲ್ಲ. ಅವರು ತನ್ನ ದೊಡ್ಡ ಬಲ ಅಂದುಕೊಂಡದ್ದೂ ಜನರ ಬಾಯಲ್ಲಿ ಬರಲಿಲ್ಲ, ದೊಡ್ಡ ಕೊರತೆ ಅಂದುಕೊಂಡದ್ದೂ ಬರಲಿಲ್ಲ. ಲೆಕ್ಕ ಸರಿ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದಾಗ ಮಾತ್ರ ಬೀಳುತ್ತದೆ. ಜನ ನೆನಪಿಟ್ಟುಕೊಂಡದ್ದು ಬೇರೆ. ಸಿಟ್ಟಾದವನನ್ನು ಕೂರಿಸಿ, ಲೆಕ್ಕವನ್ನು ಅವನಿಗೆ ತಿಳಿಯುವ ಹಾಗೆ ಬಿಡಿಸಿ, ನಂಬಿಕೆ ಹುಟ್ಟಿಸಿ ಕಳಿಸುವುದು. ಇದನ್ನು ಹೇಳಿದಾಗ ಮುನೀಮರು, "ಅದೇನ್ ಕೆಲ್ಸಾರೀ, ಸುಮ್ನೆ ಮಾತಾಡೋದು" ಅಂದರು. ತನಗೆ ಸಲೀಸಾಗಿ ಬರುವುದನ್ನು ಮನುಷ್ಯ ಕೆಲಸ ಅಂತ ಎಣಿಸುವುದೇ ಇಲ್ಲ. ಕಷ್ಟಪಟ್ಟು ಮಾಡಿದ್ದು ಮಾತ್ರ ಅವನ ಪಟ್ಟಿಯಲ್ಲಿ ಬರುತ್ತದೆ. ಮಿಲ್ಲಿನಲ್ಲಿ ಇವರ ಹಾಗೆ ಮಾಡುವವರು ಬೇರೆ ಯಾರೂ ಇಲ್ಲ ಅನ್ನುವುದು ಇವರಿಗೇ ಗೊತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಮಾಲರ ಕೂಲಿ ಬರೆಯುವುದು, ಹೆಂಗಸರ ಹಾಜರಿ ಹಾಕುವುದು ಇದೇ ಮುನೀಮರ ಕೈ. ತಮ್ಮ ಕೂಲಿ ಬರೆಯುವವನ ಬಗ್ಗೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ? ಹಾಗಾಗಿ ಕೆಳಗಿನವರ ಹೊಗಳಿಕೆಯನ್ನು ಹಾಗೇ ತೆಗೆದುಕೊಳ್ಳಬಾರದು. ನಾನು ನೋಡುವುದು ಎರಡು. ಘಟನೆಯಲ್ಲಿ ಯಾವಾಗ, ಎಲ್ಲಿ, ಯಾರು ಅನ್ನುವ ವಿವರ ಇದೆಯಾ, ಅದೇ ಘಟನೆಯನ್ನು ಇವರ ಹಂಗಿನಲ್ಲಿ ಇಲ್ಲದ ಇನ್ನೊಬ್ಬರು ಹೇಳಿದ್ದಾರಾ. ರೈತ ಹಂಗಿನಲ್ಲಿ ಇರಲಿಲ್ಲ, ಸಾವ್ಕಾರರಂತೂ ಇರಲೇ ಇಲ್ಲ, ಅದಕ್ಕೇ ತೂಕದ ಘಟನೆಯನ್ನು ನಂಬಿದೆ. ಪಾಸ್‌ಬುಕ್‌ನದು ನಿಜವೇ ಇರಬಹುದು, ಆದರೆ ಅದಕ್ಕೆ ಅಷ್ಟು ತೂಕ ಕೊಡಲಿಲ್ಲ.

ಎರಡನೇ ಪ್ರಶ್ನೆಗೆ ಕೆಳಗಿನವರು ಏನೂ ಇಲ್ಲ ಅಂದರು, ನಿರೀಕ್ಷೆಯಂತೆ. ಮಾತು ಬಂದದ್ದು ಸಾವ್ಕಾರರ ಮಗನಿಂದ. "ಹೊಸಾದು ಏನರ ಹೇಳಾಕ ಹೋದ್ರ ಮುಖಾ ಬಿಗಿ ಮಾಡಿ ಸುಮ್ನ ಕೂಡ್ತಾರ್ರೀ. ಒಪ್ಪಿದ್ರೋ, ಸಿಟ್ಟಾದ್ರೋ ತಿಳಿಯಂಗಿಲ್ಲ. ನಾ ಹೇಳೋದೇ ಬಿಟ್ಟೀನಿ." ಸಾವ್ಕಾರರು ಇನ್ನೂ ನೇರವಾಗಿ ಹೇಳಿದರು. ಹೊಸ ಘಟಕದ ಮಾತು ಬಂದಾಗ ಮೊದಲು ಇವರ ಹತ್ತಿರವೇ ಎತ್ತಿದ್ದರಂತೆ. ಇವರು "ನೀವು ಹ್ಯಾಂಗ ಹೇಳ್ತೀರಿ ಹಂಗ್ರೀ" ಅಂತ ಹೇಳಿ ಲೆಕ್ಕದ ವಹಿ ತೆಗೆದುಕೊಂಡು ಹೋದರಂತೆ. ಮನಸ್ಸಿಲ್ಲ ಅಂತ ಸಾವ್ಕಾರರು ತಿಳಿದರು. ಆ ಹುಡುಗ ಬಂದು ಬಾಯಿಬಿಟ್ಟು ಕೇಳಿದ. ಕೊಟ್ಟರು.

ಇದನ್ನು ಮುನೀಮರಿಗೆ ಹೇಳುವುದು ಸುಲಭ ಇರಲಿಲ್ಲ. ಬಲದ ಮಾತುಗಳನ್ನು ಒಂದು ದಿನ ಹೇಳಿ, ಇದಕ್ಕೆ ಬೇರೆ ದಿನ ಇಟ್ಟುಕೊಂಡೆ. ಒಂದೇ ದಿನ ಎರಡೂ ಹೇಳಿದರೆ ಜನ ಮೊದಲನೆಯದನ್ನು ಮರೆತು ಎರಡನೆಯದನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅವರಿಗೆ ಸಿಟ್ಟು ಬಂತು. "ಅದು ಮರ್ಯಾದಿರೀ. ಅನ್ನ ಹಾಕಿದವ್ರ ಮುಂದ ನನಗ ಬೇಕು ಅಂತ ಹ್ಯಾಂಗ ಕೇಳೋದು? ಅವರಿಗೆ ತಿಳೀಬೇಕಲ್ಲ?" ಅವರ ಮಾತಿನಲ್ಲಿ ಅರ್ಧ ನ್ಯಾಯ ಇದೆ ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮ ಕಡೆ ಹಿರಿಯರ ಎದುರು ಸುಮ್ಮನಿರುವುದನ್ನು ಮನೆಯಲ್ಲೇ ಕಲಿಸುತ್ತಾರೆ, ಅದು ಗೊತ್ತಿದ್ದ ಸಾವ್ಕಾರರು ಇನ್ನೊಮ್ಮೆ ಕೂರಿಸಿ ಕೇಳಬಹುದಿತ್ತು. ಇಷ್ಟು ವರ್ಷ ದುಡಿದವರನ್ನು ಒಂದೇ ಮಾತಿನ ಮೇಲೆ ಬಿಟ್ಟದ್ದು ಸರಿಯಲ್ಲ. ಇದನ್ನು ಸಾವ್ಕಾರರಿಗೂ ಹೇಳಿದೆ.

ಆದರೆ "ಅವರಿಗೆ ತಿಳೀಬೇಕಲ್ಲ" ಅನ್ನುವುದರಲ್ಲಿ ಒಂದು ಸಿಕ್ಕು ಇದೆ. ನಮ್ಮ ಒಳಗಿನದು ಹೊರಗೆ ಕಾಣುತ್ತದೆ ಅಂತ ನಾವು ಅಂದುಕೊಳ್ಳುವಷ್ಟು ಅದು ಕಾಣುವುದಿಲ್ಲ. 1998ರಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವರಿಗೆ ಸಣ್ಣ ಲೋಟಗಳಲ್ಲಿ ಪಾನೀಯ ಕೊಟ್ಟರು, ಅದರಲ್ಲಿ ಕೆಲವು ಬಾಯಿಗೆ ಇಡಲಾಗದಷ್ಟು ಕೆಟ್ಟವು, ಕುಡಿಯುವಾಗ ಮುಖದಲ್ಲಿ ತೋರಿಸಬಾರದು. ಕುಡಿದವರು ತಮ್ಮ ಮುಖ ನೋಡಿ ಬಹಳ ಜನ ಪತ್ತೆ ಹಚ್ಚಿರುತ್ತಾರೆ ಅಂದುಕೊಂಡರು. ಪತ್ತೆ ಹಚ್ಚಿದವರು ಅಷ್ಟಿರಲಿಲ್ಲ. ಮುನೀಮರ ಆಸೆಯೂ ಹಾಗೇ. ಅವರಿಗೆ ಅದು ಎದೆ ತುಂಬ ಇತ್ತು, ಎದುರಿಗಿದ್ದವರಿಗೆ ಕಂಡದ್ದು ಬಿಗಿದ ಮುಖ ಮತ್ತು ಕೈಯಲ್ಲಿದ್ದ ವಹಿ.

ಹೆಂಡತಿ ಹೇಳಿದ್ದು ಬೇರೆಯೇ ಒಂದು ಬಾಗಿಲು ತೆರೆಯಿತು. ಸೀಸನ್‌ನಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ, ಎರಡು ಮೂರು ಸಲ ಎದ್ದು ಓಡಾಡುತ್ತಾರೆ, ಮನೆಯಲ್ಲಿ ಮಾತೇ ಕಡಿಮೆ. ಮಿಲ್ಲಿನಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ. ಅವರನ್ನು ಗಟ್ಟಿ ಮನುಷ್ಯ, ಯಾವುದಕ್ಕೂ ಅಲ್ಲಾಡುವುದಿಲ್ಲ ಅಂತಲೇ ಎಲ್ಲರೂ ತಿಳಿದಿದ್ದಾರೆ. ಬೇರೆಯವರು ನಮ್ಮನ್ನು ನೋಡುವುದೇ ನಿಜ, ನಾವು ಅಂದುಕೊಂಡದ್ದು ಸುಳ್ಳು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ ಅನ್ನುವುದು ಇದಕ್ಕೇ. ಸಿಮಿನ್ ವಜೀರ್ ಅನ್ನುವ ಮನಶ್ಶಾಸ್ತ್ರಜ್ಞೆ 2010ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆತಂಕದಂಥ ಒಳಗಿನ ಸಂಗತಿಗಳನ್ನು ನಾವೇ ಚೆನ್ನಾಗಿ ಬಲ್ಲೆವು. ಬುದ್ಧಿವಂತಿಕೆಯಂಥ, ಒಪ್ಪಿಕೊಂಡರೆ ಹೆಮ್ಮೆ, ಇಲ್ಲ ಅಂದರೆ ಅವಮಾನ ಅನಿಸುವ ಗುಣಗಳನ್ನು ಗೆಳೆಯರು ನಮಗಿಂತ ಸರಿಯಾಗಿ ಅಳೆಯುತ್ತಾರೆ. ಮಾತುಗಾರ ಹೌದೋ ಅಲ್ಲವೋ ಅನ್ನುವುದು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಹಾಗಾಗಿ ಬಲದ ಬಗ್ಗೆ ಜನರನ್ನು ಕೇಳಿ, ನಿದ್ದೆಯ ಬಗ್ಗೆ ನಿಮ್ಮನ್ನೇ ಕೇಳಿಕೊಳ್ಳಿ ಅಂತ ನಾನು ಹೇಳುತ್ತೇನೆ.

ಮುಂದೆ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಮೊದಲು, ಸಾವ್ಕಾರರ ಹತ್ತಿರ ಏನು ಕೇಳಬೇಕು ಅಂತ ಕೂತು ಮಾತಾಡಿದೆವು. ಮ್ಯಾನೇಜರ್ ಜಾಗ ಹೋಗಿಯಾಗಿತ್ತು, ಅದನ್ನು ವಾಪಸ್ ಕೇಳುವುದರಲ್ಲಿ ಅರ್ಥ ಇರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ಯಂತ್ರ, ಕರೆಂಟು, ಪಾಳಿ ನೋಡಿಕೊಳ್ಳುವ ಆ ಕೆಲಸ ಇವರ ಬಲಕ್ಕೆ ಹೊಂದುತ್ತಲೂ ಇರಲಿಲ್ಲ. ಇವರ ಬಲ ಇರುವುದು ಮಾಲು ಬರುವ ಬಾಗಿಲಲ್ಲಿ. ಎರಡೂ ಘಟಕದ ಖರೀದಿ, ರೈತರ ಪಟ್ಟಿ, ಅಡತ್‌ನವರ ತಕರಾರು ಇವರ ಕೈಗೆ ಬಂದರೆ ಮಿಲ್ಲಿಗೂ ಒಳ್ಳೆಯದು. ಅದನ್ನು ಮೂರು ವಾಕ್ಯದಲ್ಲಿ ಹೇಳುವುದನ್ನು ನನ್ನ ಎದುರೇ ಅಭ್ಯಾಸ ಮಾಡಿದರು, ಹೋಗಿ ಹೇಳಿದರು. ಸಾವ್ಕಾರರು ಒಂದು ಕ್ಷಣ ಅವರನ್ನೇ ನೋಡಿ, "ಇಷ್ಟು ವರ್ಷದಾಗ ನೀ ಒಮ್ಮೆರ ಹಿಂಗ ಕೇಳೀಯೇನು?" ಅಂದರಂತೆ. ಒಂದು ಸೀಸನ್ ನೋಡೋಣ ಅಂತ ಒಪ್ಪಿದರು. ಸಂಬಳ ಸ್ವಲ್ಪ ಏರಿತು, ಮ್ಯಾನೇಜರ್ ಸಂಬಳದಷ್ಟು ಅಲ್ಲ. ಬೇರೆ ಮಿಲ್ಲಿಗೆ ಹೋಗುವ ಮಾತನ್ನು ಮುನೀಮರು ಸದ್ಯಕ್ಕೆ ಕೈಬಿಟ್ಟರು.

ಸುಮ್ಮನಿರುವ ಅಭ್ಯಾಸದ ವಿಷಯಕ್ಕೆ ಸ್ವಭಾವ ಬದಲಿಸಿಕೊಳ್ಳಿ ಅಂತ ನಾನು ಹೇಳಲಿಲ್ಲ, ಈ ವಯಸ್ಸಿನಲ್ಲಿ ಅದು ಆಗುವ ಮಾತೂ ಅಲ್ಲ, ಬೇಕಾಗಿಯೂ ಇಲ್ಲ. ಒಂದೇ ನಿಯಮ ಇಟ್ಟುಕೊಂಡರು. ಯಾರಾದರೂ ಹೊಸ ಮಾತು ತಂದರೆ "ಆಗಲಿ", "ಬ್ಯಾಡ", "ನಾಳೆ ಹೇಳ್ತೀನಿ", ಈ ಮೂರರಲ್ಲಿ ಒಂದನ್ನು ಬಾಯಿಬಿಟ್ಟು ಹೇಳುವುದು. ಜಾಸ್ತಿ ಬರುವುದು "ನಾಳೆ ಹೇಳ್ತೀನಿ". ಮರುದಿನ ಹೇಳುತ್ತಾರೆ ಕೂಡ. ಸಾವ್ಕಾರರ ಮಗನನ್ನು ಆಮೇಲೆ ಕೇಳಿದಾಗ, ಮುಖ ಇನ್ನೂ ಬಿಗಿಯೇ, ಆದರೆ ಈಗ ಹೋಗಿ ಕೇಳಲು ಅಂಜಿಕೆ ಇಲ್ಲ ಅಂದರು.

ಸೀಸನ್ ನಡೆಯಿತು. ರೈತರ ತಕರಾರು ಆಫೀಸಿನವರೆಗೆ ಬರುವುದು ಕಡಿಮೆಯಾಯಿತು ಅಂತ ಸಾವ್ಕಾರರ ಮಾತು. ಅದರ ಜೊತೆಗೇ ಹೊಸ ತೊಂದರೆ ಎದ್ದಿತು. ಎರಡು ಘಟಕದ ಜಗಳವೂ ಒಬ್ಬರ ಹತ್ತಿರವೇ ಬರತೊಡಗಿತು. ಹೊಸ ಮ್ಯಾನೇಜರ್ ಸಣ್ಣ ಮಾತಿಗೂ "ಮುನೀಮರ ಕಡೆ ಹೋಗ್ರಿ" ಅಂತ ಕಳಿಸತೊಡಗಿದ. ಹಮಾಲರು ತಮ್ಮ ಮನೆಯ ತಂಟೆಗೂ ರಾತ್ರಿ ಫೋನ್ ಮಾಡತೊಡಗಿದರು. ಇವರಿಗೆ ಇಲ್ಲ ಅನ್ನಲು ಬರುವುದಿಲ್ಲ. ಜನ ಯಾವುದಕ್ಕೆ ಇವರನ್ನು ನೆಚ್ಚಿಕೊಂಡಿದ್ದಾರೋ ಅದೇ ಇವರ ನಿದ್ದೆಯನ್ನು ಇನ್ನಷ್ಟು ತಿನ್ನುತ್ತಿದೆ. ಬಲ ಗುರುತಿಸಿಕೊಟ್ಟ ಮೇಲೆ ಅದಕ್ಕೊಂದು ಹೊತ್ತು, ಒಂದು ಗಡಿ ಹಾಕಿಕೊಡುವುದೂ ನನ್ನ ಕೆಲಸದ ಭಾಗವೇ ಅಂತ ನಾನು ತಿಳಿದಿದ್ದೇನೆ, ಹಾಗಾಗಿ ಈ ಪ್ರಕರಣ ನನ್ನ ಮಟ್ಟಿಗೆ ಇನ್ನೂ ನಡೆಯುತ್ತಿದೆ.

ಬರುವ ಸೀಸನ್‌ಗೆ ತೂಕದ ಹತ್ತಿರ ಇನ್ನೊಬ್ಬನನ್ನು ನಿಲ್ಲಿಸಲು ಸಾವ್ಕಾರರು ಒಪ್ಪಿದ್ದಾರೆ. ಯಾರನ್ನು ಅನ್ನುವುದು ಮುನೀಮರಿಗೇ ಬಿಟ್ಟದ್ದು. ಹಮಾಲರ ಪೈಕಿ ಪಿಯುಸಿ ಮುಗಿಸಿದ ಒಬ್ಬ ಹುಡುಗನನ್ನು ಆರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯನ್ನು ಸಾಲು ಸಾಲಾಗಿ ಬಿಡಿಸಿ ಹೇಳುವುದನ್ನು ಕಲಿಸುತ್ತಿದ್ದಾರೆ. ರಾತ್ರಿ ಬರುವ ಫೋನುಗಳ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ, ಹೆಂಡತಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.